ಟೆಕ್ಸಸ್‌ನ ಸೆರ್ಬಿನ್ ಚರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟಿನ್‌ನಿಂದ ಹ್ಯೂಸ್ಟನ್ ಕಡೆಗೆ 290ನೇ ಹೆದ್ದಾರಿ ಹಿಡಿದರೆ ಒಂದು ಗಂಟೆಯಲ್ಲಿ ಗಿಡ್ಡಿಂಗ್ಸ್ ಎಂಬ ಊರು ಬರುತ್ತದೆ. ಅಲ್ಲಿಂದ ಹೊಲ, ಓಕ್ ಮರ, ದನದ ಬೇಲಿಗಳ ನಡುವೆ ಹತ್ತು ಕಿಲೋಮೀಟರ್ ಆಸುಪಾಸು ಹೋದರೆ ಸೆರ್ಬಿನ್. ಒಂದು ಚರ್ಚು, ಒಂದು ಶಾಲೆ, ಒಂದು ಮ್ಯೂಸಿಯಂ, ಒಂದು ಸ್ಮಶಾನ, ಅಲ್ಲೊಂದು ಇಲ್ಲೊಂದು ಮನೆ. ಮನೆಗೆ ಬರುವ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನಗೆ ರೂಢಿಯಾಗಿಬಿಟ್ಟಿದೆ. ಕಾರಿನಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಉತ್ತರದ ಸಮೇತ ಬರೆದಿಟ್ಟಿದ್ದೇನೆ.

ಇದು ಜರ್ಮನ್ನರು ಕಟ್ಟಿದ ಚರ್ಚಲ್ಲವೇ?

ಎಲ್ಲರೂ ಹಾಗೆಂದೇ ಅಂದುಕೊಳ್ಳುತ್ತಾರೆ. ಇದನ್ನು ಕಟ್ಟಿದವರು ಬಂದದ್ದು ಇವತ್ತಿನ ಜರ್ಮನಿಯಿಂದಲೇ. ಆದರೆ ಮನೆಮಾತು ಜರ್ಮನ್ ಆಗಿರಲಿಲ್ಲ. ಅವರು ವೆಂಡ್ ಜನ. ಈಗಿನ ಪುಸ್ತಕಗಳಲ್ಲಿ ಸೋರ್ಬ್ ಎಂದು ಬರೆಯುತ್ತಾರೆ. ಜರ್ಮನಿಯ ಪೂರ್ವ ಅಂಚಿನ ಲುಸಾಟಿಯಾ ಸೀಮೆಯಲ್ಲಿ, ಬೌಟ್ಸನ್ ಮತ್ತು ಕಾಟ್‌ಬುಸ್ ಊರುಗಳ ಸುತ್ತ, ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಇರುವ ಸ್ಲಾವ್ ಜನಾಂಗ. ಪೋಲಿಷ್, ಚೆಕ್ ಭಾಷೆಗಳು ಅವರ ಮಾತಿಗೆ ಅಕ್ಕತಂಗಿಯರಿದ್ದಂತೆ. ಅವರಿಗೆ ಸ್ವಂತ ರಾಜ್ಯ ಇರಲಿಲ್ಲ. ಅವರ ನೆಲವನ್ನು 1815ರ ವಿಯೆನ್ನಾ ಒಪ್ಪಂದ ಎರಡು ಹೋಳು ಮಾಡಿತು. ಒಂದು ಪಾಲು ಸ್ಯಾಕ್ಸನಿ ಎಂಬ ಜರ್ಮನ್ ರಾಜ್ಯದಲ್ಲೇ ಉಳಿಯಿತು, ಇನ್ನೊಂದು ನೆರೆಯ ಪ್ರಷ್ಯಾದ ರಾಜನ ಕೈಗೆ ಹೋಯಿತು.

ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ಸೆರ್ಬ್ ಎಂದೇ ಕರೆದುಕೊಳ್ಳುತ್ತಾರೆ. ಸೆರ್ಬಿನ್ ಎಂಬ ಊರ ಹೆಸರು ಅಲ್ಲಿಂದಲೇ ಹುಟ್ಟಿದ್ದು. ವೆಂಡ್ ಎಂಬುದು ಜರ್ಮನ್ನರು ಕೊಟ್ಟ ಹೆಸರು, ಜರ್ಮನಿಯಲ್ಲಿ ಅದಕ್ಕೆ ಹಗುರವಾಗಿ ಕರೆಯುವ ಧಾಟಿಯೂ ಅಂಟಿಕೊಂಡಿತ್ತು. ಟೆಕ್ಸಸ್‌ಗೆ ಬಂದವರು ಮಾತ್ರ ಅದನ್ನೇ ಅಭಿಮಾನದಿಂದ ಇಟ್ಟುಕೊಂಡರು.

ಸಂಸ್ಕೃತ ಓದಿದವರಿಗೆ ಈ ಭಾಷೆ ಇಷ್ಟವಾಗುತ್ತದೆ. ಏಕವಚನ, ದ್ವಿವಚನ, ಬಹುವಚನ ಮೂರೂ ಇದರಲ್ಲಿ ಇವತ್ತಿಗೂ ಬಳಕೆಯಲ್ಲಿವೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆಯಲ್ಲಿ ಪರಲೋಕಕ್ಕೆ ಬರುವ ಪದ 'ನ್ಯೆಬ್ಯೊ'. ನಮ್ಮ 'ನಭ'ಕ್ಕೂ ಅದಕ್ಕೂ ಬೇರು ಒಂದೇ.

ಊರು ಬಿಟ್ಟು ಬಂದದ್ದು ಯಾಕೆ?

ಚಿಕ್ಕ ಉತ್ತರ: ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನದ ವಿಚಾರಕ್ಕೆ. ದೊಡ್ಡ ಉತ್ತರದಲ್ಲಿ ಹೊಟ್ಟೆಪಾಡೂ ಸೇರುತ್ತದೆ.

ಕ್ಯಾಥೊಲಿಕ್ ಸಭೆಯಿಂದ, ಅಂದರೆ ಪೋಪರ ಕ್ರೈಸ್ತ ಸಮುದಾಯದಿಂದ, ಬೇರೆಯಾದ ಪ್ರೊಟೆಸ್ಟೆಂಟರಲ್ಲಿ ಲೂಥರನ ದಾರಿ ಬೇರೆ, ಕ್ಯಾಲ್ವಿನ್‌ನ ದಾರಿ ಹಿಡಿದ ರಿಫಾರ್ಮ್ಡ್ ಸಭೆಯವರದು ಬೇರೆ. ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನ ಶರೀರ ಮತ್ತು ರಕ್ತ ನಿಜವಾಗಿಯೂ ಇವೆ ಎನ್ನುವುದು ಲುಥೆರನ್ನರ ನಂಬಿಕೆ. ರಿಫಾರ್ಮ್ಡ್ ಸಭೆಯವರು ಅದನ್ನು ಹಾಗೆ ಒಪ್ಪುವುದಿಲ್ಲ. ಪ್ರಷ್ಯಾದ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ರಾಜ ರಿಫಾರ್ಮ್ಡ್, ಅವನ ರಾಣಿ ಲೂಯಿಸಾ ಲುಥೆರನ್. ಗಂಡ ಹೆಂಡತಿ ಒಂದೇ ಪೀಠದ ಮುಂದೆ ಭೋಜನ ತೆಗೆದುಕೊಳ್ಳುವಂತಿರಲಿಲ್ಲ. 1817ರಲ್ಲಿ, ಲೂಥರನ ಸುಧಾರಣೆಗೆ 300 ವರ್ಷ ತುಂಬಿದಾಗ, ರಾಜ ಎರಡೂ ಸಭೆಗಳನ್ನು ಒಂದು ಮಾಡಲು ಹೊರಟ. 1830ರ ಹೊತ್ತಿಗೆ ಆರಾಧನೆಯ ಹೊಸ ಪುಸ್ತಕವನ್ನೂ ಹೇರಿದ. ಒಪ್ಪದ ಕೆಲವು ಪಾದ್ರಿಗಳು ಜೈಲಿಗೆ ಹೋದರು. ಒಪ್ಪದೆ ಉಳಿದವರಿಗೆ 'ಹಳೆಯ ಲುಥೆರನ್ನರು' ಎಂಬ ಹೆಸರು ಬಿತ್ತು.

ನಮಗೆ ಇದು ಕೂದಲು ಸೀಳುವ ಜಗಳದಂತೆ ಕಾಣಬಹುದು. ಅವರಿಗೆ ಹಾಗಿರಲಿಲ್ಲ. ವಾರವಿಡೀ ಬೇರೆಯವರ ಹೊಲದಲ್ಲಿ ಗೇಯುವ ಮನುಷ್ಯನಿಗೆ ತನ್ನದೇ ಎನ್ನಲು ಇದ್ದದ್ದು ಆ ಭಾನುವಾರದ ಭೋಜನ, ಅಮ್ಮ ಕಲಿಸಿದ ಪ್ರಾರ್ಥನೆ, ತನ್ನ ಮಾತಿನ ಕೀರ್ತನೆ. ಅದಕ್ಕೂ ರಾಜ ಕೈಹಾಕಿದ ಎಂದಾಗ ನೋವು ಎಷ್ಟು ಆಳಕ್ಕೆ ಇಳಿದಿರಬೇಕು.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. 1840ರಲ್ಲಿ ಬಂದ ಹೊಸ ರಾಜ ಹಿಡಿತ ಸಡಿಲಿಸಿದ್ದ, ಹಳೆಯ ಲುಥೆರನ್ನರು ತಮ್ಮದೇ ಸಭೆ ಕಟ್ಟಿಕೊಳ್ಳಲು 1845ರಿಂದ ಅವಕಾಶವಿತ್ತು. ಇವರು ಹೊರಟದ್ದು 1854ರಲ್ಲಿ. ಅಷ್ಟರಲ್ಲಿ ಹಳ್ಳಿಯ ಬಡತನ, ತುಂಡು ಜಮೀನು, ಜರ್ಮನ್ ಮಾತಾಡದವರನ್ನು ಕೀಳಾಗಿ ನೋಡುವ ಕಣ್ಣು, ಎಲ್ಲವೂ ಸೇರಿಕೊಂಡಿದ್ದವು. ನಂಬಿಕೆಗಾಗಿ ಬಂದರೋ ನೆಲಕ್ಕಾಗಿ ಬಂದರೋ ಎಂದು ನೆಂಟರು ಪಟ್ಟು ಹಿಡಿದು ಕೇಳುತ್ತಾರೆ. ಒಂದೇ ಮನೆಯೊಳಗೇ ಎರಡೂ ಕಾರಣ ಇದ್ದಿರಬೇಕು ಎಂಬುದು ನನ್ನ ಎಣಿಕೆ. ಆದರೆ ಬರೀ ನೆಲಕ್ಕಾಗಿ ಬಂದವರು ಪಾದ್ರಿಯನ್ನೂ ಚರ್ಚಿನ ಗಂಟೆಯನ್ನೂ ಜೊತೆಗೆ ಕಟ್ಟಿಕೊಂಡು ಬರುತ್ತಿರಲಿಲ್ಲ.

ಟೆಕ್ಸಸ್ಸೇ ಯಾಕೆ?

ಮೊದಲೇ ಬಂದಿದ್ದ ಕೆಲವರು ಬರೆದ ಕಾಗದಗಳಿಂದ. 1853ರಲ್ಲಿ 35 ಜನರ ಒಂದು ಗುಂಪು ಹೊರಟಿತ್ತು. ಅವರ ಹಡಗು ಕ್ಯೂಬಾ ಹತ್ತಿರ ಒಡೆಯಿತು. ಹೇಗೋ ಬದುಕಿಕೊಂಡು ಟೆಕ್ಸಸ್ ಮುಟ್ಟಿದರು, ಇಲ್ಲಿ ಅಗ್ಗಕ್ಕೆ ನೆಲ ಸಿಗುತ್ತದೆ ಎಂದು ಊರಿಗೆ ಬರೆದರು. ಹಡಗು ಒಡೆದ ಸುದ್ದಿಗಿಂತ ನೆಲದ ಸುದ್ದಿಯೇ ಊರಲ್ಲಿ ಜೋರಾಗಿ ಹಬ್ಬಿತು.

ಯಾನ್ ಕಿಲಿಯಾನ್ ಯಾರು?

ಈ ಸಭೆಯ ಪಾದ್ರಿ, ಕವಿ, ಅನುವಾದಕ. ಹುಟ್ಟಿದ್ದು 1811ರಲ್ಲಿ ಸ್ಯಾಕ್ಸನಿಯ ಒಂದು ಹಳ್ಳಿಯಲ್ಲಿ. ಲೈಪ್ಸಿಗ್‌ನಲ್ಲಿ ದೇವಶಾಸ್ತ್ರ ಓದಿದರು. ಅಲ್ಲಿ ಓದುತ್ತಿದ್ದ ಇನ್ನೊಬ್ಬ ಹುಡುಗ ಸಿ.ಎಫ್.ಡಬ್ಲ್ಯೂ. ವಾಲ್ಟರ್, ಅವರೂ 1811ರಲ್ಲೇ ಹುಟ್ಟಿದವರು. ಆ ವಾಲ್ಟರ್ ಅಮೆರಿಕಕ್ಕೆ ಹೋಗಿ 1847ರಲ್ಲಿ ಮಿಸೌರಿ ಸಿನಡ್ ಎಂಬ ಲುಥೆರನ್ ಒಕ್ಕೂಟವನ್ನು ಕಟ್ಟಿದವರಲ್ಲಿ ಮುಖ್ಯರು. ಆ ಪರಿಚಯ ಮುಂದೆ ಸೆರ್ಬಿನ್ ಇತಿಹಾಸವನ್ನೇ ಒಂದು ದಿಕ್ಕಿಗೆ ತಿರುಗಿಸಿತು.

ಕಿಲಿಯಾನ್ 1837ರಿಂದ ಹನ್ನೊಂದು ವರ್ಷ ಸ್ಯಾಕ್ಸನಿಯ ಕೋಟಿಟ್ಸ್ ಎಂಬಲ್ಲಿ ಪಾದ್ರಿಯಾಗಿದ್ದರು. ಆಮೇಲೆ ಗಡಿ ದಾಟಿ ಪ್ರಷ್ಯಾ ಕಡೆಯ ಹಳೆಯ ಲುಥೆರನ್ ಸಭೆಗಳಿಗೆ ಹೋದರು. ಲುಥೆರನ್ನರ ಮೂಲ ನಂಬಿಕೆಪತ್ರವಾದ ಆಗ್ಸ್‌ಬರ್ಗ್ ಪ್ರಕಟಣೆಯನ್ನು ತಮ್ಮ ಜನರ ಭಾಷೆಯಾದ ವೆಂಡಿಷ್‌ಗೆ ತಂದರು, ಆ ಭಾಷೆಯಲ್ಲಿ ಕೀರ್ತನೆಗಳನ್ನು ಬರೆದರು. 1854ರಲ್ಲಿ ವಲಸೆ ಹೊರಟವರೆಲ್ಲ ಸೇರಿ, ಮೊದಲು ತಮ್ಮನ್ನು ಒಂದು ಸಭೆಯಾಗಿ ಮಾಡಿಕೊಂಡು ಇವರನ್ನು ಪಾದ್ರಿಯಾಗಿ ಕರೆದರು. ಅಮೆರಿಕದ ಎಷ್ಟೋ ಚರ್ಚುಗಳು ಊರು ಬೆಳೆದ ಮೇಲೆ ಹುಟ್ಟಿದವು. ಇಲ್ಲಿ ಸಭೆ ಮೊದಲು ಹುಟ್ಟಿತು, ಅದು ಸಮುದ್ರ ದಾಟಿತು, ಊರು ಆಮೇಲೆ ಬಂತು.

ಪ್ರಯಾಣದಲ್ಲಿ ತುಂಬ ಜನ ಸತ್ತರಂತೆ, ನಿಜವೇ?

ನಿಜ. 550ಕ್ಕೂ ಹೆಚ್ಚು ಜನ 1854ರ ಸೆಪ್ಟೆಂಬರ್‌ನಲ್ಲಿ ಹೊರಟರು. ರೈಲಿನಲ್ಲಿ ಹ್ಯಾಂಬರ್ಗ್, ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿನ ಹಲ್, ಮತ್ತೆ ರೈಲಿನಲ್ಲಿ ಲಿವರ್‌ಪೂಲ್. ಅಲ್ಲಿ 'ಬೆನ್ ನೆವಿಸ್' ಎಂಬ ಹಾಯಿಹಡಗು ಹತ್ತಿದರು. ಲಿವರ್‌ಪೂಲ್‌ನಲ್ಲಿ ಆಗ ಕಾಲರಾ. ಅದು ಇವರ ಜೊತೆಗೇ ಹಡಗು ಹತ್ತಿತು. ಹಡಗು ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನಲ್ಲಿ ಸುಮಾರು ಮೂರು ವಾರ ನಿಲ್ಲಬೇಕಾಯಿತು. 1912ರಲ್ಲಿ ಟೈಟಾನಿಕ್ ಕೊನೆಯ ಸಲ ನಿಂತದ್ದೂ ಅದೇ ಬಂದರಿನಲ್ಲಿ. ರೋಗಿಗಳನ್ನು ಬೇರೆ ಇರಿಸಿ, ಹಡಗಿಗೆ ಹೊಗೆ ಹಾಕಿ ಶುದ್ಧ ಮಾಡಿ, ಮತ್ತೆ ಹೊರಟರು. ಟೆಕ್ಸಸ್ ಕರಾವಳಿಯ ಗ್ಯಾಲ್ವೆಸ್ಟನ್ ಮುಟ್ಟಿದ್ದು ಡಿಸೆಂಬರ್ ಮಧ್ಯದಲ್ಲಿ. ಅಷ್ಟರಲ್ಲಿ 70ಕ್ಕೂ ಹೆಚ್ಚು ಜನ ಹೋಗಿದ್ದರು. ಎಂಟು ಜನ ಹೊರಟಲ್ಲಿ ಒಬ್ಬರು ಇಲ್ಲ ಎಂಬಷ್ಟು.

ಹಡಗಿನಲ್ಲಿ ಬಂದವರ ಹೆಸರಿನ ಪಟ್ಟಿ ಉಳಿದಿದೆ. ಈಗಲೂ ಟೆಕ್ಸಸ್‌ನ ಎಷ್ಟೋ ಮನೆಯವರು ಅದರಲ್ಲಿ ತಮ್ಮ ಮನೆತನದ ಹೆಸರು ಹುಡುಕುತ್ತಾರೆ. ಗ್ಯಾಲ್ವೆಸ್ಟನ್‌ನಲ್ಲಿ ಹಳದಿಜ್ವರ ಇತ್ತು, ಹಾಗಾಗಿ ಅಲ್ಲಿ ನಿಲ್ಲದೆ ಹ್ಯೂಸ್ಟನ್‌ಗೆ ಸಾಗಿದರು. ಅಲ್ಲಿಂದ ಮುಂದೆ ಎತ್ತಿನ ಗಾಡಿ, ಕಾಲುನಡಿಗೆ.

ಜಾಗ ಹೇಗೆ ಸಿಕ್ಕಿತು?

ಮುಂದೆ ಹೋದ ಇಬ್ಬರು, ಯೊಹಾನ್ ಡುಬೆ ಮತ್ತು ಕಾರ್ಲ್ ಲೇಮನ್, ರ‍್ಯಾಬ್ಸ್ ಹಳ್ಳದ ಹತ್ತಿರ 4,254 ಎಕರೆ ಕೊಂಡರು. ಎಕರೆಗೆ ಒಂದು ಡಾಲರ್. ಅದರಲ್ಲಿ 95 ಎಕರೆಯನ್ನು ಚರ್ಚು ಮತ್ತು ಶಾಲೆಗೆಂದು ತೆಗೆದಿಟ್ಟರು. ಇನ್ನೂ ಯಾರ ತಲೆಯ ಮೇಲೂ ಸೂರಿಲ್ಲದ ಹೊತ್ತು ಅದು. ಮೊದಲು ಎದ್ದದ್ದು ಎರಡು ಕೋಣೆಯ ಒಂದು ಮರದ ಮನೆ, ಪಾದ್ರಿಯ ಸಂಸಾರಕ್ಕೂ ಅದೇ, ಆರಾಧನೆಗೂ ಅದೇ. ಹತ್ತಿ, ಮುಸುಕಿನ ಜೋಳ ಬೆಳೆದರು. 1855ರಲ್ಲೇ ಸಭೆ ಮಿಸೌರಿ ಸಿನಡ್ ಸೇರಿತು. ಆ ಒಕ್ಕೂಟಕ್ಕೆ ಟೆಕ್ಸಸ್‌ನಲ್ಲಿ ಇದೇ ಮೊದಲ ಸಭೆ.

ಈಗಿನ ಕಟ್ಟಡ ಯಾವಾಗಿನದು? ಒಳಗೆ ಏನು ವಿಶೇಷ?

ಕಲ್ಲಿನ ಈ ಕಟ್ಟಡ ಮುಗಿದದ್ದು 1871ರಲ್ಲಿ. ಹೊರಗಿನಿಂದ ನೋಡಿದರೆ ಬಿಳಿ ಗೋಡೆ, ಒಂದು ಗೋಪುರ, ಅಷ್ಟೆ. 'ಇದಕ್ಕೋಸ್ಕರ ಇಷ್ಟು ದೂರ ಕರೆದುಕೊಂಡು ಬಂದ್ಯಾ?' ಎಂದು ನಮ್ಮ ಚಿಕ್ಕಪ್ಪ ಕೇಳಿದ್ದರು. ಬಾಗಿಲು ದಾಟಿದ ಮೇಲೆ ಅವರು ಸುಮ್ಮನೆ ನಿಂತುಬಿಟ್ಟರು.

ಚಾವಣಿ ಆಕಾಶನೀಲಿ. ನಾಲ್ಕೂ ಸುತ್ತ ಮಹಡಿಯ ಮೊಗಸಾಲೆ. ಅದನ್ನು ಹೊತ್ತ ಕಂಬಗಳು ನೀಲಿ ಬೂದು ಎಳೆಯ ಅಮೃತಶಿಲೆಯಂತೆ ಕಾಣುತ್ತವೆ. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದರೆ ಅದು ಬಣ್ಣ. ಟರ್ಕಿ ಕೋಳಿಯ ಗರಿಯನ್ನು ಬಣ್ಣದಲ್ಲಿ ಅದ್ದಿ ಎಳೆದದ್ದು ಎಂದು ಹೇಳುತ್ತಾರೆ. ಎಳೆ ದಪ್ಪವಾಗಿ ಶುರುವಾಗಿ, ನಡುಗುತ್ತಾ ತೆಳುವಾಗಿ, ಕೊನೆಗೆ ಕವಲೊಡೆದು ಮಾಯವಾಗುತ್ತದೆ. ಯಾರ ಕೈಯೋ ಅಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದು ಇವತ್ತಿಗೂ ಗೊತ್ತಾಗುತ್ತದೆ. ಅಮೃತಶಿಲೆ ಕೊಳ್ಳಲು ಹಣ ಇಲ್ಲದವರು ದೇವರ ಮನೆಗೆ ಅಷ್ಟಾದರೂ ಚೆಂದ ಇರಲಿ ಎಂದು ಮಾಡಿದ ಕೆಲಸ. ನನಗೆ ಇಡೀ ಚರ್ಚಿನಲ್ಲಿ ತುಂಬ ಹಿಡಿಸುವುದು ಆ ಕಂಬಗಳೇ.

ಪಾದ್ರಿ ನಿಂತು ಉಪದೇಶ ಮಾಡುವ ಪ್ರಸಂಗ ಪೀಠ ಇರುವುದು ನೆಲದ ಮೇಲಲ್ಲ, ಮಹಡಿಯಲ್ಲಿ, ಭೋಜನ ನಡೆಸುವ ಬಲಿಪೀಠದ ನೆತ್ತಿಯ ಮೇಲೆ. ನೆಲದಿಂದ ಸುಮಾರು ಇಪ್ಪತ್ತು ಅಡಿ ಎತ್ತರ. ಹಿಂದೆ ಗಂಡಸರು ಮಹಡಿಯ ಮೇಲೆ, ಹೆಂಗಸರು ಮಕ್ಕಳು ಕೆಳಗೆ ಕೂರುತ್ತಿದ್ದರು. ಆ ಎತ್ತರದಿಂದ ಪಾದ್ರಿಯ ಮುಖ ಇಬ್ಬರಿಗೂ ಕಾಣುತ್ತಿತ್ತು. ಮುಂದಿನ ಬೆಂಚಿನಲ್ಲಿ ಕೂತು ಒಮ್ಮೆ ಮೇಲೆ ನೋಡಿ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಲುಥೆರನ್ ಆರಾಧನೆಯಲ್ಲಿ ಬೈಬಲ್ಲಿನ ವಾಕ್ಯಕ್ಕೆ ಎಷ್ಟು ಎತ್ತರದ ಜಾಗ ಎನ್ನುವುದು ಆ ನೋವಿನಲ್ಲೇ ತಿಳಿಯುತ್ತದೆ.

ಜೊತೆಗೆ ತಂದ ಗಂಟೆ ಎಲ್ಲಿದೆ?

ಬೌಟ್ಸನ್ ಹತ್ತಿರ ಎರಕ ಹೊಯ್ಸಿ, ಹಡಗಿನಲ್ಲಿ ತಂದ ಗಂಟೆ ಈಗ ಸೆರ್ಬಿನ್‌ನಲ್ಲಿ ಇಲ್ಲ. ಆಸ್ಟಿನ್‌ನಲ್ಲಿ 1926ರಲ್ಲಿ ಲುಥೆರನ್ನರು ಶುರು ಮಾಡಿದ ಕಾಂಕಾರ್ಡಿಯಾ ವಿದ್ಯಾಸಂಸ್ಥೆಗೆ ಅದನ್ನು ಕೊಟ್ಟರು.

ಸಭೆ ಒಡೆದಿತ್ತು ಎಂದು ಕೇಳಿದ್ದೇವೆ.

ಎರಡು ಸಲ, 1858ರಲ್ಲಿ ಮತ್ತು 1870ರಲ್ಲಿ. ಮೊದಲ ಸಲ ಮನೆಮನೆಯ ಪ್ರಾರ್ಥನಾ ಕೂಟ, ಭಾವ ಉಕ್ಕಿಸುವ ಆರಾಧನೆ ಬೇಕು ಎನ್ನುವವರಿಗೂ, ಪುಸ್ತಕದಲ್ಲಿದ್ದಂತೆಯೇ ನಡೆಯಬೇಕು ಎನ್ನುವ ಕಿಲಿಯಾನ್‌ಗೂ ಹೊಂದಲಿಲ್ಲ. ಎರಡನೆಯ ಸಲ ಜರ್ಮನ್ನೋ ವೆಂಡಿಷ್ಷೋ ಎಂಬುದೂ ಜಗಳಕ್ಕೆ ಸೇರಿತ್ತು. ಆಮೇಲೆ ಮತ್ತೆ ಒಂದಾದರು.

ಹಾಗಾದರೆ ವೆಂಡಿಷ್ ಭಾಷೆ ಏನಾಯಿತು?

ಎಲ್ಲ ಪ್ರಶ್ನೆಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಇದೇ. ಹೊರನಾಡಿನಲ್ಲಿ ಕೂತು ಮಕ್ಕಳಿಗೆ ಕನ್ನಡ ಹೇಳಿಕೊಡುವ ಯಾರಿಗಾದರೂ ಕಾಡುತ್ತದೆ.

ನಂಬಿಕೆ ಮತ್ತು ಭಾಷೆ ಎರಡನ್ನೂ ಉಳಿಸಿಕೊಳ್ಳಲು ಬಂದರು. ನಂಬಿಕೆ ಉಳಿಯಿತು. ಭಾಷೆ ಹೋಯಿತು. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಟೆಕ್ಸಸ್‌ನಲ್ಲಿ ಯಾವ ರಾಜನೂ ಇವರ ಕೀರ್ತನೆಗೆ ಅಡ್ಡ ಬರಲಿಲ್ಲ. ಲುಸಾಟಿಯಾದಲ್ಲಿ ಯಾವ ಭಾಷೆಯ ನೆರಳಿಗೆ ಹೆದರಿ ಬಂದಿದ್ದರೋ ಅದೇ ಜರ್ಮನ್ ಇಲ್ಲಿ ನೆರೆಹೊರೆಯವರ ಸ್ನೇಹದ ಭಾಷೆಯಾಗಿ ಮನೆಯೊಳಗೆ ಬಂತು. ಸುತ್ತಲ ರೈತರು ಜರ್ಮನ್ನರು. ಅಂಗಡಿಯಲ್ಲಿ ಜರ್ಮನ್. ಮದುವೆ ಸಂಬಂಧ ಬೆಳೆಯಿತು, ಜರ್ಮನ್ ಮನೆಯಿಂದ ಸೊಸೆ ಬಂದರೆ ಊಟದ ಮೇಜಿನ ಮಾತು ಬದಲಾಗುತ್ತಿತ್ತು.

ಇದಕ್ಕಿಂತ ದೊಡ್ಡ ಕಾರಣ ಅವರ ಚರ್ಚಿನೊಳಗೇ ಇತ್ತು ಎಂಬುದು ನನ್ನ ತೀರ್ಮಾನ. ನಂಬಿಕೆ ಗಟ್ಟಿಯಾಗಿರಲಿ ಎಂದು ಸೇರಿದ ಮಿಸೌರಿ ಸಿನಡ್‌ನ ಭಾಷೆ ಆಗ ಜರ್ಮನ್. ಕೀರ್ತನೆ ಪುಸ್ತಕ, ಪತ್ರಿಕೆ, ಶಾಲೆಯ ಪಾಠ, ಎಲ್ಲವೂ ಜರ್ಮನ್. ಹಳ್ಳಿಯ ಹುಡುಗ ಪಾದ್ರಿಯೋ ಮೇಷ್ಟ್ರೋ ಆಗಬೇಕಾದರೆ ಸೇಂಟ್ ಲೂಯಿಸ್‌ನಂಥ ಊರಿಗೆ ಹೋಗಿ ಜರ್ಮನ್‌ನಲ್ಲಿ ಓದಿ ಬರಬೇಕು. ಹೀಗೆ ನಂಬಿಕೆಯನ್ನು ಕಾಯ್ದ ಗೋಡೆಯೇ ಭಾಷೆಗೆ ಉಸಿರಾಡಲು ಜಾಗ ಬಿಡಲಿಲ್ಲ.

ಕಿಲಿಯಾನ್ ತಮ್ಮ ಕಾಲದಲ್ಲಿ ಎರಡೂ ಭಾಷೆಗಳಲ್ಲಿ ಪ್ರಸಂಗ ಮಾಡುತ್ತಿದ್ದರು. 1884ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಹರ್ಮನ್ ಕಿಲಿಯಾನ್ ಪಾದ್ರಿಯಾದರು, 1920ರವರೆಗೂ ನಡೆಸಿದರು. ತಂದೆ ಮಗ ಸೇರಿ 65 ವರ್ಷ. ಹರ್ಮನ್ ಹೋದ ಮೇಲೆ, 1920ರ ದಶಕದ ಆರಂಭದಲ್ಲಿ, ವೆಂಡಿಷ್ ಆರಾಧನೆ ನಿಂತಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂದು ಜರ್ಮನ್ ಮಾತಾಡುವುದೇ ಅನುಮಾನಕ್ಕೆ ಕಾರಣವಾಗಿತ್ತು, ಇಂಗ್ಲಿಷ್ ಒಳಗೆ ಕಾಲಿಟ್ಟಿತ್ತು. ಗಿಡ್ಡಿಂಗ್ಸ್‌ನಲ್ಲಿ 1899ರಲ್ಲಿ ಶುರುವಾದ 'ಡಾಯ್ಚಸ್ ಫೋಕ್ಸ್‌ಬ್ಲಾಟ್' ಎಂಬ ಜರ್ಮನ್ ಪತ್ರಿಕೆಯ ಮುದ್ರಣಾಲಯದಲ್ಲಿ ವೆಂಡಿಷ್ ಅಕ್ಷರದ ಅಚ್ಚುಮೊಳೆಗಳೂ ಇದ್ದವು. ಪತ್ರಿಕೆ 1949ರಲ್ಲಿ ನಿಂತಿತು.

ಲುಸಾಟಿಯಾದಲ್ಲಿ ಈ ಭಾಷೆ ಇನ್ನೂ ಬದುಕಿದೆ. ಬೌಟ್ಸನ್ ಊರಿನ ಬೀದಿ ಫಲಕಗಳಲ್ಲಿ ಎರಡೂ ಭಾಷೆ ಇವೆ.

ಇಷ್ಟು ಇತಿಹಾಸ ಇರುವ ಊರು ಇಷ್ಟು ಚಿಕ್ಕದಾಗಿ ಉಳಿದದ್ದು ಹೇಗೆ?

ರೈಲು. 1871ರಲ್ಲಿ ಹಳಿ ಗಿಡ್ಡಿಂಗ್ಸ್ ಮೇಲೆ ಹೋಯಿತು, ಸೆರ್ಬಿನ್ ಬದಿಗೆ ಉಳಿಯಿತು. ವ್ಯಾಪಾರ ಅತ್ತ ಸರಿಯಿತು. ಮಕ್ಕಳಿಗೆ ಹೊಸ ಜಮೀನು ಬೇಕಾದಾಗ ವಾರ್ಡಾ, ಫೀಡೋರ್, ಥಾರ್ನ್‌ಡೇಲ್ ಮುಂತಾದ ಕಡೆ ಹೋಗಿ ನೆಲೆಸಿದರು, ಹೋದಲ್ಲೆಲ್ಲ ಒಂದು ಚರ್ಚು ಕಟ್ಟಿದರು. ಅದಕ್ಕೇ ಸೆರ್ಬಿನ್ ಅನ್ನು ತಾಯಿ ಸಭೆ ಎನ್ನುತ್ತಾರೆ.

ಮದುಮಗಳು ಕಪ್ಪು ಉಡುಪು ಹಾಕುತ್ತಿದ್ದಳಂತೆ?

ಹೌದು. ಮುಂದಿರುವ ಬಾಳು ಕಷ್ಟದ್ದು ಎಂಬ ಅರಿವಿನ ಗುರುತಾಗಿ ಕಪ್ಪು ಎಂದು ವಿವರಿಸುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅದು ಬೂದು ಬಣ್ಣಕ್ಕೆ ತಿರುಗಿತು, ಆಮೇಲೆ ಎಲ್ಲರಂತೆ ಬಿಳಿ. ಮ್ಯೂಸಿಯಂನಲ್ಲಿ ಅಂಥ ಕಪ್ಪು ಉಡುಪು ನೋಡಿ ನಮ್ಮತ್ತೆ ತಮ್ಮ ಸೆರಗನ್ನು ಭುಜಕ್ಕೆ ಎಳೆದುಕೊಂಡು ತುಂಬ ಹೊತ್ತು ಮಾತಾಡಲಿಲ್ಲ.

ಉಳಿದುಕೊಂಡ ಇನ್ನೊಂದು ಪದ್ಧತಿ ಈಸ್ಟರ್ ಮೊಟ್ಟೆ. ಬಾತುಕೋಳಿ ಜಾತಿಯ ಹೆಬ್ಬಾತಿನ ಗರಿಯ ತುದಿಯನ್ನು ಚಿಕ್ಕ ತ್ರಿಕೋನವಾಗಿ ಕತ್ತರಿಸಿ, ಕರಗಿದ ಮೇಣದಲ್ಲಿ ಅದ್ದಿ ಮೊಟ್ಟೆಯ ಮೇಲೆ ಒತ್ತುತ್ತಾರೆ. ಬಣ್ಣದಲ್ಲಿ ಮುಳುಗಿಸಿ ತೆಗೆದು ಮೇಣ ಕರಗಿಸಿದರೆ ಒತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ. ಕೈ ಒಂದಿಷ್ಟು ಅಲುಗಿದರೂ ಚಿತ್ರ ಕೆಟ್ಟಂತೆ.

ನಮ್ಮ ಕಡೆಯ ಬಾಸೆಲ್ ಮಿಷನ್ ಚರ್ಚುಗಳಿಗೂ ಇದಕ್ಕೂ ನಂಟಿದೆಯೇ?

ಮಂಗಳೂರು, ಧಾರವಾಡ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ. ನೇರ ನಂಟಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲುಥೆರನ್ನರೂ ರಿಫಾರ್ಮ್ಡ್ ಸಭೆಯವರೂ ಒಟ್ಟಿಗೆ ದುಡಿಯುತ್ತಿದ್ದರು. 'ಮಂಗಳೂರು ಸಮಾಚಾರ'ದ ಮೋಗ್ಲಿಂಗ್, ನಿಘಂಟಿನ ಕಿಟ್ಟೆಲ್ ಆ ಬಳಗದವರು. ಸೆರ್ಬಿನ್‌ನವರು ಒಪ್ಪದೆ ಊರು ಬಿಟ್ಟದ್ದು ಅಂಥ ಒಗ್ಗೂಡುವಿಕೆಯನ್ನೇ. ಒಂದು ಧಾರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಇನ್ನೊಂದು ಜರ್ಮನಿಯಲ್ಲಿ ಹುಟ್ಟಿತು, ಒಂದು ಕನ್ನಡಕ್ಕೆ ನಿಘಂಟು ಕೊಟ್ಟಿತು, ಇನ್ನೊಂದು ಟೆಕ್ಸಸ್‌ನ ಓಕ್ ಮರಗಳ ನಡುವೆ ಚರ್ಚು ಕಟ್ಟಿತು.

ಸುತ್ತಿ ಬಳಸಿದ ನಂಟು ಒಂದಿದೆ. ಇದೇ ಮಿಸೌರಿ ಸಿನಡ್ 1895ರಲ್ಲಿ ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಸೀಮೆಯಲ್ಲಿ ಕೆಲಸ ಶುರು ಮಾಡಿತು. ಅದರಿಂದ ಬೆಳೆದದ್ದು ಭಾರತ ಇವ್ಯಾಂಜೆಲಿಕಲ್ ಲುಥೆರನ್ ಸಭೆ. ಅದರ ಚರ್ಚುಗಳು ಬೆಂಗಳೂರು, ಕೆಜಿಎಫ್ ಕಡೆಯೂ ಇವೆ.

ನಾವು ಕ್ರೈಸ್ತರಲ್ಲ, ಒಳಗೆ ಹೋಗಬಹುದೇ?

ಧಾರಾಳವಾಗಿ. ಚಪ್ಪಲಿ ಬಿಡಬೇಕಾಗಿಲ್ಲ. ಆದರೆ ಇದು ಇವತ್ತಿಗೂ ಭಾನುವಾರ ಆರಾಧನೆ ನಡೆಯುವ ಚರ್ಚು. ಮದುವೆ, ಶವಸಂಸ್ಕಾರ ಇರುವ ದಿನ ಹೊರಗೇ ನಿಲ್ಲುವುದು ಮರ್ಯಾದೆ. ಪಕ್ಕದ ವೆಂಡಿಷ್ ಮ್ಯೂಸಿಯಂ ತೆರೆದಿರುವ ದಿನ ನೋಡಿಕೊಂಡು ಹೋಗಿ. ಸೆಪ್ಟೆಂಬರ್ ತಿಂಗಳ ನಾಲ್ಕನೇ ಭಾನುವಾರ ವೆಂಡಿಷ್ ಹಬ್ಬ ನಡೆಯುತ್ತದೆ. ಅವತ್ತು ಮೊಟ್ಟೆ ಹಾಕಿ ಕಲಸಿದ ಮನೆ ನೂಡಲ್ಸ್ ಸಿಗುತ್ತದೆ. ಶಾವಿಗೆಯ ರುಚಿ ಬಲ್ಲವರಿಗೆ ಅದು ಹೊಸದೆನಿಸುವುದಿಲ್ಲ. ಕೋಳಿ ಸಾರಿನಲ್ಲಿ ಬೇಯಿಸುವುದರಿಂದ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ.

ಸ್ಮಶಾನದಲ್ಲಿ ನೋಡುವುದೇನು?

ಸಮಯ ಕಡಿಮೆ ಇದ್ದರೆ ಮ್ಯೂಸಿಯಂ ಬಿಟ್ಟರೂ ಇದನ್ನು ಬಿಡಬೇಡಿ. ಹಳೆಯ ಸಾಲಿನಿಂದ ನಡೆಯುತ್ತಾ ಬನ್ನಿ. ಮೊದಮೊದಲ ಕಲ್ಲುಗಳಲ್ಲಿ ಅಲ್ಲಲ್ಲಿ ವೆಂಡಿಷ್ ಸಾಲು, ಅಕ್ಷರಗಳ ತಲೆಯ ಮೇಲೆ ಪುಟ್ಟ ಕೊಕ್ಕೆಗಳು, ಪಾಚಿ ತುಂಬಿ ಅರ್ಧ ಮುಚ್ಚಿಹೋಗಿವೆ. ಆಮೇಲೆ ಜರ್ಮನ್ನಿನ ಗಡುಸಾದ ಹಳೆಯ ಲಿಪಿ, ಅದು ಸಾಲುಸಾಲು. ಇನ್ನಷ್ಟು ಈಚೆ ಬಂದರೆ ಇಂಗ್ಲಿಷ್. ಮನೆತನದ ಹೆಸರುಗಳು ಮಾತ್ರ ಅವೇ ಮತ್ತೆ ಮತ್ತೆ ಬರುತ್ತವೆ. ಕಳೆದ ಸಲ ಹೋದಾಗ ನನ್ನ ಮಗಳು ಒಂದು ವೆಂಡಿಷ್ ಕಲ್ಲಿನ ಮೇಲೆ ಬಿಳಿ ಹಾಳೆ ಹಿಡಿದು ಪೆನ್ಸಿಲ್ ಉಜ್ಜಿದಳು. ಒಂದೊಂದೇ ಅಕ್ಷರ ಬೂದಿ ಬಣ್ಣದಲ್ಲಿ ಎದ್ದು ಬಂತು. ಏನು ಬರೆದಿದೆ ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಓದಲು ಬರಲಿಲ್ಲ. ಹಾಳೆಯನ್ನು ಮಡಿಸದೆ, ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಇಟ್ಟುಕೊಂಡು ಮನೆಗೆ ತಂದೆವು.